ಬಟನ್ ಇದೆ, ಈಗಲೇ ಒತ್ತಬೇಡಿ

ಬಸ್ ಟಿಕೆಟ್ ಮಾರುವ ವೆಬ್‌ಸೈಟೊಂದು ಚೆನ್ನಾಗಿ ನಡೆಯುತ್ತಿತ್ತು ಅಂದುಕೊಳ್ಳಿ. ಜೆಕ್ವೆರಿ ಅನ್ನುವ ಹಳೆಯ ಕೋಡ್ ಸಲಕರಣೆಯಲ್ಲಿ ಬರೆದದ್ದು. ಊರು ಆರಿಸಿ, ಸೀಟು ಹಿಡಿದು, ದುಡ್ಡು ಕಟ್ಟಿದರೆ ಮುಗಿಯಿತು. ಇಂಥದ್ದನ್ನು ಹಾಗೇ ಬಿಟ್ಟರೆ ಡೆವಲಪರ್ ರೆಸ್ಯೂಮೆಯಲ್ಲಿ ಏನು ಬರೆಯಬೇಕು? ‘ಕೆಟ್ಟಿರಲಿಲ್ಲ, ಅದಕ್ಕೇ ಮುಟ್ಟಲಿಲ್ಲ’ ಅಂತ ಬರೆದವನಿಗೆ ಔಟರ್ ರಿಂಗ್ ರೋಡಿನಲ್ಲಿ ಯಾರು ಕೆಲಸ ಕೊಡುತ್ತಾರೆ?

ಹಾಗಾಗಿ ವೆಬ್‌ಸೈಟ್ ಕಟ್ಟುವ ಹೊಸ ಸಲಕರಣೆ ಆಂಗ್ಯುಲರ್ ಜೆಎಸ್ ಬಂತು. 2010ರಲ್ಲಿ ಗೂಗಲ್ ಕೊಟ್ಟದ್ದು. ಗೂಗಲ್ಲೇ ಕೊಟ್ಟ ಮೇಲೆ ಯೋಚನೆ ಯಾಕೆ? 2016ರಲ್ಲಿ ಅದೇ ಗೂಗಲ್ ಆಂಗ್ಯುಲರ್ 2 ತಂದಿತು. ಹೆಸರು ಅದೇ, ವಂಶ ಬೇರೆ. ಹಳೆಯ ಕೋಡ್ ಅದರಲ್ಲಿ ಹಾಗೇ ಓಡುತ್ತಿರಲಿಲ್ಲ. ಹೇಗೂ ಮತ್ತೆ ಬರೆಯಬೇಕಲ್ವಾ, ಇನ್ನೊಂದು ಸಲಕರಣೆಯಾದ ರಿಯಾಕ್ಟ್‌ನಲ್ಲೇ ಬರೆಯೋಣ ಅಂತಾಯಿತು. ಬರೆದು ಮುಗಿಸಿ ಟೀ ಕುಡಿಯುವಷ್ಟರಲ್ಲಿ 2019 ಬಂತು, ರಿಯಾಕ್ಟ್‌ನಲ್ಲಿ ಕೋಡ್ ಬರೆಯುವ ಹೊಸ ಶೈಲಿ ಹುಕ್ಸ್ ಬಂತು. ಹಳೆಯ ಶೈಲಿಯಲ್ಲಿ, ಕ್ಲಾಸ್ ಬಳಸಿ ಬರೆದದ್ದೂ ಸರಿಯಾಗಿಯೇ ಓಡುತ್ತಿತ್ತು. ಆದರೆ ಇಂಟರ್‌ವ್ಯೂನಲ್ಲಿ ಹೇಳಿಕೊಳ್ಳಲು ನಾಚಿಕೆ. ಅದನ್ನೂ ಬದಲಾಯಿಸಿದರು.

ಈ ನಡುವೆ ಪುಟ ತಯಾರಿಸುವ ಕೆಲಸ ಸರ್ವರ್‌ನಿಂದ ನಿಮ್ಮ ಫೋನಿನ ತಲೆಗೆ ಬಂದಿತ್ತು. ಖಾಲಿ ಪುಟ, ಜೊತೆಗೆ ಒಂದು ಮೂಟೆ ಜಾವಾಸ್ಕ್ರಿಪ್ಟ್, ಅಂದರೆ ಬ್ರೌಸರ್‌ನಲ್ಲಿ ಓಡುವ ಕೋಡ್. ಹೊಸ ಐಫೋನ್ ಹಿಡಿದ ಮ್ಯಾನೇಜರ್‌ಗೆ ಇದು ಗೊತ್ತೇ ಆಗಲಿಲ್ಲ. ಮೆಜೆಸ್ಟಿಕ್‌ನಲ್ಲಿ ಹಳೇ ಫೋನ್ ಹಿಡಿದು ನಿಂತವರಿಗೆ ಬಿಳೀ ಪರದೆ ಮೇಲೆ ಚಕ್ರ ತಿರುಗುತ್ತಲೇ ಇತ್ತು. ಪರಿಹಾರ? ರಿಯಾಕ್ಟ್ ಮೇಲೆ ಕಟ್ಟಿದ ನೆಕ್ಸ್ಟ್ ಜೆಎಸ್. ಪುಟವನ್ನು ಸರ್ವರ್‌ನಲ್ಲೇ ತಯಾರಿಸಿ ಕಳಿಸುವ ಮಹಾ ಸಂಶೋಧನೆ! ಅದನ್ನೇ ಮಾಡುತ್ತಾ ಬಂದಿದ್ದ 1995ರ ಪಿಎಚ್‌ಪಿ ಮೂಲೆಯಲ್ಲಿ ಕೂತು ಕೆಮ್ಮಿತು. ಯಾರೂ ತಿರುಗಿ ನೋಡಲಿಲ್ಲ.

ಈಗ ಪುಟ ಬೇಗ ಕಾಣುತ್ತದೆ, ಸುಳ್ಳು ಹೇಳಬಾರದು. ‘ದುಡ್ಡು ಕಟ್ಟಿ’ ಅನ್ನುವ ಬಟನ್ ಹಸಿರಾಗಿ ಹೊಳೆಯುತ್ತದೆ. ಒತ್ತುತ್ತೀರಿ. ಏನೂ ಆಗುವುದಿಲ್ಲ. ಜೋರಾಗಿ ಒತ್ತುತ್ತೀರಿ. ಊಹೂಂ. ಇನ್ನೂ ಹೈಡ್ರೇಶನ್ ಆಗಿಲ್ಲವಂತೆ. ಅಂದರೆ ಬಟನ್ ಬಂದಿದೆ, ಒತ್ತಿದರೆ ಏನು ಮಾಡಬೇಕು ಅಂತ ಹೇಳುವ ಜಾವಾಸ್ಕ್ರಿಪ್ಟ್ ಇನ್ನೂ ದಾರಿಯಲ್ಲಿದೆ. ಅದು ಬರುವಷ್ಟರಲ್ಲಿ ಕಿಟಕಿ ಪಕ್ಕದ ಸೀಟು ಇನ್ಯಾರದೋ ಪಾಲು.

ಪ್ರಯಾಣಿಕರು ಜೆಕ್ವೆರಿ ಕಾಲದಿಂದ ಕೇಳುತ್ತಿದ್ದದ್ದು ಒಂದೇ. ಬ್ಯಾಕ್ ಒತ್ತಿದರೆ ತುಂಬಿದ ಹೆಸರು, ವಯಸ್ಸು ಅಳಿಸಿಹೋಗದ ಹಾಗೆ ಮಾಡಿ ಅಂತ. ಆ ದೂರು, ಡೆವಲಪರ್‌ಗಳ ಕೆಲಸದ ಲೆಕ್ಕ ಇಡುವ ಜಿರಾದಲ್ಲಿ ‘ಲೋ ಪ್ರಯಾರಿಟಿ’ ಅನ್ನುವ ಪಟ್ಟಿ ಕಟ್ಟಿಕೊಂಡು ಕೂತಿದೆ. ಯಾವಾಗ ಸರಿಮಾಡುತ್ತೀರಿ ಅಂತ ಕೇಳಿದರೆ, ‘ಹೊಸದಕ್ಕೆ ಮೈಗ್ರೇಶನ್ ಮುಗೀಲಿ ಸಾರ್, ಆಮೇಲೆ ನೋಡೋಣ’ ಅನ್ನುತ್ತಾರೆ.

ಅದು ಹೋದ ತಿಂಗಳೇ ಮುಗಿಯಿತಲ್ಲ?

‘ಅದಲ್ಲ ಸಾರ್. ಸೋಮವಾರದಿಂದ ಇನ್ನೊಂದು ಹೊಸದು, ಸ್ವೆಲ್ಟ್.’