ಕನಸಿಗೂ ಬಂತು ಟಾರ್ಗೆಟ್

ಧಾರವಾಡದ ಸಪ್ತಾಪುರದಲ್ಲಿ ಗೋಡೆ ಖಾಲಿ ಇದ್ದರೆ ಅದು ಗೋಡೆಯೇ ಅಲ್ಲ. ಕೆಎಎಸ್, ಪಿಎಸ್‌ಐ, ಎಫ್‌ಡಿಎ, ಟಿಇಟಿ ಕೋಚಿಂಗ್ ಜಾಹೀರಾತು, ಪಕ್ಕದಲ್ಲೇ ಪಿಜಿ ಮತ್ತು ಮೆಸ್ಸಿನದು. ಈಗ ಇವುಗಳ ಮಧ್ಯೆ ತೂರಿಕೊಂಡು ಬಂದಿದ್ದಾರೆ ಕನಸಿನ ಕೋಚ್‌ಗಳು. ಲೂಸಿಡ್ ಡ್ರೀಮಿಂಗ್ ಕಲಿಸುತ್ತಾರಂತೆ. ಅಂದರೆ ಕನಸು ಬೀಳುತ್ತಿರುವಾಗಲೇ 'ಅರೇ, ಇದು ಕನಸು' ಅಂತ ಗೊತ್ತಾಗುವುದು, ಆಮೇಲೆ ಬೇಕಾದ ಹಾಗೆ ಓಡಾಡುವುದು, ಹಾರುವುದು.

ವಿಷಯ ಬುರುಡೆಯಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. 1975ರಲ್ಲಿ ಇಂಗ್ಲೆಂಡಿನ ಹಲ್‌ನಲ್ಲಿ ಕೀತ್ ಹರ್ನ್ ಎಂಬ ಸಂಶೋಧಕರ ಮುಂದೆ ಅಲನ್ ವರ್ಸ್ಲಿ ಎಂಬುವರು ನಿದ್ದೆಯಲ್ಲಿ ಕನಸು ಕಾಣುತ್ತಲೇ, ಮೊದಲೇ ಮಾತಾಡಿಕೊಂಡಂತೆ ಕಣ್ಣುಗುಡ್ಡೆಯನ್ನು ಎಡಕ್ಕೆ ಬಲಕ್ಕೆ ಆಡಿಸಿ ಸಿಗ್ನಲ್ ಕೊಟ್ಟರು. ಕನಸಿನ ಹೊತ್ತಿನಲ್ಲಿ ಕೈಕಾಲು ಸ್ತಬ್ಧ, ಆದರೆ ಕಣ್ಣು ಆಡುತ್ತದೆ, ಅದಕ್ಕೇ ಈ ಉಪಾಯ. ನಿದ್ದೆಯಲ್ಲಿರುವ ಮನುಷ್ಯ ಸಿಗ್ನಲ್ ಕೊಟ್ಟ. ನಮ್ಮ ಹುಬ್ಬಳ್ಳಿ ಚೆನ್ನಮ್ಮ ಸರ್ಕಲ್‌ನಲ್ಲಿ ಎಚ್ಚರ ಇರುವವರೇ ಸಿಗ್ನಲ್ ನೋಡುವುದಿಲ್ಲ, ಇರಲಿ ಬಿಡಿ. ಆಮೇಲೆ ಸ್ಟ್ಯಾನ್‌ಫರ್ಡ್‌ನಲ್ಲಿ ಸ್ಟೀಫನ್ ಲಬರ್ಜ್ ಇದನ್ನೇ ಹಿಡಿದು ಕೂತು, 'ಮುಂದಿನ ಸಲ ಕನಸು ಬಿದ್ದಾಗ ಅದು ಕನಸು ಅಂತ ನೆನಪಾಗಬೇಕು' ಎಂದು ಮನಸ್ಸಿಗೆ ಹೇಳಿಕೊಂಡು ಮಲಗುವ ಪದ್ಧತಿ ಮಾಡಿದರು.

ತಕರಾರು ಇರುವುದು ಫಾರ್ಮ್ ಬಗ್ಗೆ. ಸೇರಿದ ದಿನವೇ ಒಂದು ಫಾರ್ಮ್ ಕೊಡುತ್ತಾರೆ. 'ನಿಮ್ಮ ಕನಸಿನ ಗುರಿ ಏನು? ಅಳತೆಗೆ ಸಿಗುತ್ತದೆಯೇ? ಡೆಡ್‌ಲೈನ್ ಯಾವಾಗ?' ಮೊದಲ ವಾರ ದಿನಾ ಬೆಳಿಗ್ಗೆ ಕನಸಿನ ಡೈರಿ, ಎರಡನೇ ವಾರ ದಿನಕ್ಕೆ ಹತ್ತು ಸಲ 'ಇದು ಕನಸೋ ನಿಜವೋ' ಎಂಬ ಪರೀಕ್ಷೆ, ತಿಂಗಳ ಕೊನೆಗೆ ಹಾರಾಟ. ಎಕ್ಸೆಲ್ ಶೀಟಿನಲ್ಲಿ ಹಸಿರು ಬಣ್ಣ ಬಂದರೆ ಪಾಸ್, ಕೆಂಪು ಬಂದರೆ ಕೋಚ್ ಫೋನ್. ಕನಸಿನಲ್ಲಿ ಊರು ಮೇಲಿಂದ ನೋಡಿದ ಹುಡುಗನಿಗೆ, 'ಹಾರಿದ್ದು ಸರಿ, ಇಳಿದದ್ದು ಡೈರಿಯಲ್ಲಿ ಇಲ್ಲವಲ್ಲ' ಅಂತ ಅರ್ಧ ಮಾರ್ಕ್ಸ್. ಆರಾಮಾಗಿ ಮಲಗಬೇಕಾದವನು ಈಗ ಟೆನ್ಷನ್‌ನಲ್ಲಿ ಮಲಗುತ್ತಾನೆ, ಟೆನ್ಷನ್‌ಗೆ ನಿದ್ದೆ ಬರುವುದಿಲ್ಲ, ನಿದ್ದೆ ಬರದವನಿಗೆ ಕನಸೆಲ್ಲಿಂದ ಬರಬೇಕು?

ಐದು ಗಂಟೆ ಮಲಗಿ, ಎದ್ದು, ಸ್ವಲ್ಪ ಹೊತ್ತು ಎಚ್ಚರವಿದ್ದು ಮತ್ತೆ ಮಲಗಬೇಕು ಎಂಬುದೂ ಪಾಠದಲ್ಲಿದೆ. ಬೆಳಗಿನ ಜಾವದಲ್ಲಿ ಕನಸಿನ ಹೊತ್ತು ಉದ್ದ, ಹಾಗಾಗಿ ಇದೂ ಸರಿಯಾದದ್ದೇ. ಆದರೆ ನಮ್ಮವರಿಗೆ ಇದನ್ನು ದುಡ್ಡು ತಗೊಂಡು ಕಲಿಸಬೇಕಾ? ರಾತ್ರಿ ಮೂರಕ್ಕೆ ಓಣಿಯಲ್ಲಿ 'ನಳಾ ಬಂದಾವ್ರೀ' ಅಂತ ಕೂಗು ಎದ್ದರೆ ಇಡೀ ಮನೆ ಎದ್ದು, ಬ್ಯಾರಲ್ ತುಂಬಿಸಿ, ಪೈಪ್ ಸುತ್ತಿಟ್ಟು ಮತ್ತೆ ಮಲಗುತ್ತದೆ. ಅವಳಿ ನಗರದ ಕೆಲವು ವಾರ್ಡ್‌ಗಳಿಗೆ 2008ರ ಹೊತ್ತಿಗೇ ದಿನದ 24 ಗಂಟೆ ನೀರು ಬಂತು. ಉಳಿದ ಎಷ್ಟೋ ಓಣಿಗಳಲ್ಲಿ ಈ ಕೋರ್ಸ್ ಫ್ರೀಯಾಗಿ ನಡೆದೇ ಇದೆ.

ನಿಜವಾದ ಮಜಾ ಇರುವುದು ಪರೀಕ್ಷೆಯಲ್ಲಿ. ಹಗಲು ಹೊತ್ತಿನಲ್ಲೇ ಆಗಾಗ 'ನಾನು ಎಚ್ಚರವಿದ್ದೇನಾ' ಅಂತ ನೋಡಿಕೊಳ್ಳಬೇಕಂತೆ, ಆ ಅಭ್ಯಾಸ ಕನಸಿನಲ್ಲೂ ಬರುತ್ತದೆ. ಬೆರಳನ್ನು ಅಂಗೈಗೆ ಒತ್ತಿ ನೋಡಿ, ತೂರಿ ಹೋದರೆ ಕನಸು. ಮೂಗು ಹಿಡಿದು ಉಸಿರಾಡಿ, ಉಸಿರು ಬಂದರೆ ಕನಸು. ಇಲ್ಲಿಯವರೆಗೆ ಪರವಾಗಿಲ್ಲ. ಸ್ವಿಚ್ ಒತ್ತಿ, ಲೈಟ್ ಹತ್ತದಿದ್ದರೆ ಕನಸು. ಮಳೆಗಾಲದ ಧಾರವಾಡದಲ್ಲಿ? ಒಂದು ಬರಹವನ್ನು ಓದಿ, ಕಣ್ಣು ಬೇರೆ ಕಡೆ ತಿರುಗಿಸಿ ಮತ್ತೆ ಓದಿ, ಅಕ್ಷರ ಬದಲಾಗಿದ್ದರೆ ಅದು ಕನಸು.

ಸಪ್ತಾಪುರದ ಹುಡುಗರು ಏನು ಓದಬೇಕು? ಪರೀಕ್ಷೆಯ ದಿನಾಂಕ ಓದುತ್ತಾರೆ, ಚಹಾ ಕುಡಿದು ಬಂದು ಮತ್ತೆ ಓದಿದರೆ ಮುಂದಕ್ಕೆ ಹೋಗಿರುತ್ತದೆ. 545 ಪಿಎಸ್‌ಐ ಹುದ್ದೆಗಳ ಕಥೆಯನ್ನೇ ತಗೊಳ್ಳಿ. 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ಬರೆದರು, ಅಕ್ರಮ ಬಯಲಾಗಿ 2022ರಲ್ಲಿ ರದ್ದಾಯಿತು, ಮತ್ತೆ ಬರೆದದ್ದು 2024ರ ಜನವರಿಯಲ್ಲಿ. ಅಷ್ಟರಲ್ಲಿ ಮೆಸ್ಸಿನ ಊಟದ ರೇಟು ಏರಿತ್ತು, ಕೂದಲು ಇಳಿದಿತ್ತು, ಊರಲ್ಲಿ ಅಪ್ಪ 'ಇನ್ನೊಂದ್ ವರ್ಷ ನೋಡೂಣು' ಅಂತ ಹೊಲದ ಲಾವಣಿ (ಗುತ್ತಿಗೆ) ದುಡ್ಡು ಕಳಿಸುತ್ತಲೇ ಇದ್ದ. ಇಂಥ ಹುಡುಗನಿಗೆ ದಿನಕ್ಕೆ ಹತ್ತು ಸಲ 'ಇದು ನಿಜವೇ' ಅಂತ ಕೇಳಿಕೋ ಎಂದು ಫೀ ತಗೊಂಡು ಹೇಳಿಕೊಡಬೇಕಾ ಸ್ವಾಮಿ?

ಆದರೂ ಹಾವೇರಿ ಕಡೆಯ ಒಬ್ಬ ಅಭ್ಯರ್ಥಿ ಮೊನ್ನೆ ಟಾರ್ಗೆಟ್ ಮುಟ್ಟಿಬಿಟ್ಟನಂತೆ. ಕನಸಿನಲ್ಲಿ ಪರೀಕ್ಷೆ ಬರೆದನಂತೆ. ಪ್ರಶ್ನೆಪತ್ರಿಕೆಯ ಸೀಲ್ ಗಟ್ಟಿಯಾಗಿತ್ತು. ಮುಂದಿನ ಬೆಂಚಿನವನ ಕಿವಿಯಲ್ಲಿ ಬ್ಲೂಟೂತ್ ಇರಲಿಲ್ಲ. ರಿಸಲ್ಟ್ ಹೇಳಿದ ದಿನವೇ ಬಂತು.

'ಅಲ್ಲೇ ಗೊತ್ತಾತ್ರೀ ಸರ್, ಇದು ಕನಸು ಅಂತ.'

ಕೋಚ್ ಖುಷಿಯಾಗಿ ಹಸಿರು ಬಣ್ಣ ಹಚ್ಚಿದರು. ಮುಂದಿನ ತಿಂಗಳ ಗುರಿ ಏನಪ್ಪಾ ಅಂತ ಕೇಳಿದರೆ, 'ನೇಮಕಾತಿ ಆರ್ಡರ್ ಕೈಯಾಗ ಹಿಡೀಬೇಕ್ರೀ' ಅಂದ.

ಅದು ಅಡ್ವಾನ್ಸ್ ಕೋರ್ಸಿನಲ್ಲಿ ಬರುತ್ತದಂತೆ.