ನೀರು ಹಿಡಿಯುವ ಹರಳು ನಮ್ಮ ಹೊಲಕ್ಕೆ ಬೇಕೆ?

ಪರ

ಅರಸೀಕೆರೆ, ಕಡೂರಿನ ಕಡೆ ರೈತನನ್ನು ಕಾಡುವುದು ಮಳೆಯ ಕೊರತೆಯೊಂದೇ ಅಲ್ಲ. ಮರಳು ಬೆರೆತ ಕೆಂಪು ಮಣ್ಣಿನಲ್ಲಿ ಬಿದ್ದ ಮಳೆಯೂ ನಿಲ್ಲದೆ ಬೇರಿನ ಕೈಗೆ ಸಿಗದಷ್ಟು ಕೆಳಕ್ಕೆ ಇಳಿದುಹೋಗುತ್ತದೆ. ಹೈಡ್ರೋಜೆಲ್ ಎಂದು ಮಾರಾಟವಾಗುವ ಪಾಲಿಮರ್ (ಎಳೆಯಂತೆ ಉದ್ದನೆಯ ಅಣುಗಳ ವಸ್ತು) ಹರಳುಗಳು ಕೆಲಸ ಮಾಡುವುದು ಇಲ್ಲಿಯೇ. ಒಣಗಿದಾಗ ಉಪ್ಪಿನ ಕಲ್ಲಿನಷ್ಟು ಗಟ್ಟಿಯಾಗಿರುವ ಇವು ನೀರು ಕುಡಿದ ಮೇಲೆ ನೆನೆಸಿದ ಸಬ್ಬಕ್ಕಿಯ ಹಾಗೆ ಉಬ್ಬುತ್ತವೆ, ಸುತ್ತಲಿನ ಮಣ್ಣು ಆರುತ್ತಾ ಬಂದಂತೆ ಹೀರಿದ್ದರ ಬಹುಪಾಲನ್ನು ಬೇರಿಗೆ ಬಿಟ್ಟುಕೊಡುತ್ತವೆ, ಮುಂದಿನ ಮಳೆಗೆ ಮತ್ತೆ ತುಂಬಿಕೊಳ್ಳುತ್ತವೆ.

ಇದು ನಿನ್ನೆ ಮೊನ್ನೆಯ ಸಂಗತಿಯಲ್ಲ. ಅಮೆರಿಕದ ಕೃಷಿ ಇಲಾಖೆಯ ಪಿಯೋರಿಯಾ ಪ್ರಯೋಗಾಲಯದಲ್ಲಿ 1970ರ ದಶಕದಲ್ಲೇ ಪಿಷ್ಟದಿಂದ ಇಂಥ ವಸ್ತು ತಯಾರಾಗಿತ್ತು. ನಮ್ಮಲ್ಲಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯು ಸಸ್ಯಮೂಲದ ಸೆಲ್ಯುಲೋಸ್ ಆಧರಿಸಿ ಪೂಸಾ ಹೈಡ್ರೋಜೆಲ್ ಸಿದ್ಧಪಡಿಸಿದೆ; ಶುದ್ಧ ನೀರಿನಲ್ಲಿ ಅದು ತನ್ನ ತೂಕದ ಕನಿಷ್ಠ 350 ಪಟ್ಟು ಹೀರುತ್ತದೆ, ಬಿಸಿಲ ನಾಡಿನ ಕಾದ ಮಣ್ಣಿನಲ್ಲಿಯೂ ಕೆಲಸ ಮಾಡುತ್ತದೆ.

ಇದರ ನಿಜವಾದ ಲಾಭ ಕಾಣುವುದು ನಾಟಿಯ ಗುಂಡಿಯಲ್ಲಿ. ಸಕಲೇಶಪುರ, ಮೂಡಿಗೆರೆಯ ತೋಟಗಳಲ್ಲಿ ಜೂನ್ ಹೊತ್ತಿಗೆ ನೆಟ್ಟ ಕಾಫಿ ಸಸಿಗೆ ಮಳೆಗಾಲದಲ್ಲಿ ಯಾವ ತೊಂದರೆಯೂ ಇಲ್ಲ. ಅದರ ಪರೀಕ್ಷೆ ಇರುವುದು ಮೊದಲ ಬೇಸಿಗೆಯಲ್ಲಿ, ಕಾಫಿಯ ಹೂ ಅರಳಿಸುವ ಹೂಮಳೆ ಬರುವವರೆಗಿನ ತಿಂಗಳುಗಳಲ್ಲಿ. ಬಯಲುಸೀಮೆಯ ತೆಂಗಿನ ಸಸಿಯದೂ ಇದೇ ಪಾಡು. ಗುಂಡಿಗೆ 10 ಗ್ರಾಂ ಹರಳು ಬೆರೆಸಿದರೆ ಲೆಕ್ಕದ ಪ್ರಕಾರ ಮೂರೂವರೆ ಲೀಟರ್ ನೀರು ನಿಲ್ಲಬೇಕು; ಮಣ್ಣಿನ ಭಾರಕ್ಕೆ ಸಿಕ್ಕಿ ಅದರ ಮೂರನೇ ಒಂದು ಪಾಲೇ ನಿಂತರೂ ಬೊಗಸೆಯಷ್ಟು ಬೇರಿರುವ ಸಸಿಗೆ ಅದು ಸಣ್ಣ ಆಸರೆಯಲ್ಲ. ಕೊಡದಲ್ಲಿ ನೀರು ಹೊತ್ತು ಸಸಿ ಉಳಿಸುವವರಿಗೆ, ಸುರಿದದ್ದು ಬೇರಿನ ಬಳಿಯೇ ನಿಂತು ಒಂದು ಸರದಿಯಿಂದ ಇನ್ನೊಂದಕ್ಕೆ ನಡುವಿನ ಅಂತರ ಹೆಚ್ಚಿದರೆ, ಈಗಿನ ಕೂಲಿಯಲ್ಲಿ ಅದೇ ದೊಡ್ಡ ಉಳಿತಾಯ. ಸತ್ತ ಸಸಿಯ ಜಾಗಕ್ಕೆ ಮರುವರ್ಷ ಇನ್ನೊಂದನ್ನು ನೆಡುವ ಖರ್ಚನ್ನೂ ಇದರ ಜೊತೆ ಎಣಿಸಬೇಕು.

ವಿರೋಧ

ಗುಂಡಿಯ ಲೆಕ್ಕವನ್ನು ಬಯಲಿನ ಹೊಲಕ್ಕೆ ತಂದ ಕೂಡಲೇ ಅದು ಕುಸಿಯುತ್ತದೆ. ಪೂಸಾ ಹೈಡ್ರೋಜೆಲ್‌ಗೆ ಶಿಫಾರಸಾದ ಪ್ರಮಾಣ ಹೆಕ್ಟೇರಿಗೆ 2.5ರಿಂದ 5 ಕಿಲೋ, ಅಂದರೆ ಎಕರೆಗೆ ಒಂದೆರಡು ಕಿಲೋ. ಒಂದು ಕಿಲೋ 350 ಪಟ್ಟು ಹೀರಿದರೂ ನಿಲ್ಲುವುದು 350 ಲೀಟರ್. ಒಂದು ಎಕರೆಯ ಮೇಲೆ ಒಂದೇ ಮಿಲಿಮೀಟರ್ ಮಳೆ ಬಿದ್ದರೆ ಅದು ನಾಲ್ಕು ಸಾವಿರ ಲೀಟರಿಗೂ ಹೆಚ್ಚು! ಹೀಗಾಗಿ ಇಡೀ ಎಕರೆಯ ಹರಳು ಒಮ್ಮೆಗೆ ಹಿಡಿದಿಡುವುದು ಒಂದು ಮಿಲಿಮೀಟರಿನ ಐದನೇ ಒಂದು ಭಾಗಕ್ಕಿಂತಲೂ ಕಡಿಮೆ, ಬೆಳೆದು ನಿಂತ ರಾಗಿಗೆ ಒಂದು ದಿನಕ್ಕೂ ಸಾಲದಷ್ಟು. ಮಳೆ ಬಂದಾಗಲೆಲ್ಲ ಅದು ಮತ್ತೆ ತುಂಬುತ್ತದೆ ಎಂಬ ಸಮಾಧಾನವೂ, ಮಳೆ ಕೈಕೊಟ್ಟ ವಾರಗಳಿಗಾಗಿಯೇ ಕೊಂಡ ವಸ್ತುವಿನ ವಿಷಯದಲ್ಲಿ, ವಿಚಿತ್ರವಾದದ್ದು.

ಆ 350 ಪಟ್ಟು ಕೂಡ ಶುದ್ಧ ನೀರಿನ ಮಾತು. ಒಂದು ಲೋಟ ಮಳೆನೀರಿಗೂ ಇನ್ನೊಂದು ಲೋಟ ಗಡಸು ಬೋರ್‌ವೆಲ್ ನೀರಿಗೂ ಒಂದೊಂದು ಚಿಟಿಕೆ ಹರಳು ಹಾಕಿ ರಾತ್ರಿಯಿಡೀ ಬಿಟ್ಟರೆ, ಬೆಳಿಗ್ಗೆ ಮೊದಲನೆಯದರಲ್ಲಿ ಜೆಲ್ ಉಬ್ಬಿ ನಿಂತಿರುತ್ತದೆ, ಎರಡನೆಯದರಲ್ಲಿ ಅದು ತಳದಲ್ಲೇ ಉಳಿದು ಮೇಲೆ ನೀರು ಹಾಗೆಯೇ ತೇಲುತ್ತಿರುತ್ತದೆ. ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ ಪಾಲಿಮರಿನ ಎಳೆಗಳನ್ನು ಒಂದಕ್ಕೊಂದು ಬಿಗಿದು ಬಿಡಿಸಿಕೊಳ್ಳದಂತೆ ಮಾಡುವುದು ಇದಕ್ಕೆ ಕಾರಣ; ರಸಗೊಬ್ಬರದ ಲವಣಗಳೂ ಹೀರುವ ಶಕ್ತಿಯನ್ನು ತಗ್ಗಿಸುತ್ತವೆ. ನೀರಿನ ಗಡಸುತನ ನೋಡದೆ ಇದನ್ನು ಮಾರುವುದು ಮೋಸವಲ್ಲದಿದ್ದರೂ ಅದಕ್ಕೆ ಬಹಳ ದೂರವೂ ಅಲ್ಲ.

ಹಾಸನದ ಮುಂಗಾರಿನ ಆಲೂಗಡ್ಡೆಗಂತೂ ಇದನ್ನು ಸೂಚಿಸುವವರ ಧೈರ್ಯವನ್ನು ಮೆಚ್ಚಬೇಕು. ಅಂಗಮಾರಿ, ಗೆಡ್ಡೆ ಕೊಳೆ ರೋಗಗಳ ಕಾಟದಲ್ಲಿ ಆ ಬೆಳೆಗೆ ಬೇಕಾದದ್ದು ನೀರು ಬಸಿದು ಹೋಗುವ ದಾರಿ.

ಮಣ್ಣಿನಲ್ಲಿ ಉಳಿಯುವುದೇನು ಎಂಬುದು ಇದಕ್ಕಿಂತ ಗಂಭೀರ ಪ್ರಶ್ನೆ. ಹೈಡ್ರೋಜೆಲ್ ಎಂಬ ಒಂದೇ ಹೆಸರಿನಲ್ಲಿ ಸೆಲ್ಯುಲೋಸ್ ಮೂಲದ್ದೂ, ಪೆಟ್ರೋಲಿಯಂ ಮೂಲದ ಅಕ್ರಿಲೇಟ್, ಅಕ್ರಿಲಮೈಡ್ ಪಾಲಿಮರುಗಳೂ ಮಾರಾಟವಾಗುತ್ತವೆ. ಪಾಲಿಅಕ್ರಿಲಮೈಡ್ ತಾನಾಗಿ ವಿಷವಲ್ಲ. ಆದರೆ ತಯಾರಿಕೆಯಲ್ಲಿ ಸೇರದೆ ಉಳಿಯಬಹುದಾದ ಅಕ್ರಿಲಮೈಡ್ ನರಮಂಡಲಕ್ಕೆ ವಿಷ, ಮತ್ತು ಪಾಲಿಮರಿನ ಮುಖ್ಯ ಎಳೆ ಮಣ್ಣಿನಲ್ಲಿ ಬಹಳ ನಿಧಾನವಾಗಿ ಮುರಿಯುತ್ತದೆ. ಪ್ರತಿ ವರ್ಷ ಉತ್ತು ಸೇರಿಸುವ ಹೊಲದಲ್ಲಿ ಇದು ಪ್ಲಾಸ್ಟಿಕ್ಕಿನ ಚೂರನ್ನು ಕೈಯಾರೆ ಬಿತ್ತಿದಂತೆಯೇ. ಯುರೋಪಿಯನ್ ಒಕ್ಕೂಟವು 2019ರ ರಸಗೊಬ್ಬರ ನಿಯಮದಲ್ಲಿ, ನೀರು ಹಿಡಿಯಲು ಬಳಸುವ ಪಾಲಿಮರುಗಳು ಜೈವಿಕವಾಗಿ ಕೊಳೆಯಲೇಬೇಕೆಂಬ ಷರತ್ತನ್ನು ಗಡುವು ಕೊಟ್ಟು ಸೇರಿಸಿದ್ದು ಇದೇ ಕಾರಣಕ್ಕೆ.

ಇಷ್ಟರ ಮೇಲೆ, ಇದೇ ಕೆಲಸ ಮಾಡುವ ವಸ್ತುಗಳು ನಮ್ಮ ಜಿಲ್ಲೆಗಳಲ್ಲೇ ರಾಶಿ ಬಿದ್ದಿವೆ. ಬೇಸಿಗೆಯಲ್ಲಿ ಬತ್ತಿದ ಕೆರೆಯಿಂದ ತೆಗೆದ ಗೋಡಿನಲ್ಲಿ ಕೆಂಪು ಮಣ್ಣಿಗೆ ಇಲ್ಲದ ಜೇಡಿಯಿದೆ. ಅರಸೀಕೆರೆಯ ನಾರಿನ ಘಟಕಗಳ ಹಿತ್ತಲಲ್ಲಿ ಗುಡ್ಡೆಯಾಗುವ ತೆಂಗಿನ ನಾರಿನ ಪುಡಿ ತನ್ನ ತೂಕದ ಹಲವು ಪಟ್ಟು ನೀರು ಹೀರುತ್ತದೆ. ಕೊಳೆಸಿ ಹಾಕಿದರೆ ಕೆಲವು ವರ್ಷಗಳಲ್ಲಿ ಮಣ್ಣೇ ಆಗುತ್ತದೆ. ಸಸಿಯ ಗುಂಡಿಗೆ ಅದನ್ನು ತುಂಬಿ ಮೇಲೆ ತರಗೆಲೆಯನ್ನೋ ತೆಂಗಿನ ಗರಿಯನ್ನೋ ಮುಚ್ಚಿಗೆಯಾಗಿ ಹರಡಿದರೆ ಆವಿಯಾಗುವ ನೀರೂ ಉಳಿಯುತ್ತದೆ. ಮಣ್ಣಿನೊಳಗೆ ಹುದುಗಿರುವ ಹರಳಿಗೆ ನೆಲದ ಮೇಲ್ಮೈಯನ್ನು ಬಿಸಿಲಿನಿಂದ ಕಾಯುವ ಈ ಕೆಲಸ ಸಾಧ್ಯವಿಲ್ಲ.