ಎಷ್ಟು ಇಂಚು, ಎಷ್ಟು ಮೆಟ್ಟಿಲು

ಅಮ್ಮನ ಮಂಡಿಯ ಕೀಲು ಬದಲಿಸಿದ ವಾರ, ಗಾಯದ ಪಟ್ಟಿ ಬದಲಿಸಲು ನರ್ಸ್ ಬಂದಾಗ ಚಿಕ್ಕಮ್ಮ ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡರು. ಕನ್ನಡಕ ಸರಿಮಾಡಿಕೊಂಡು, ಗಾಳಿಯಲ್ಲೇ ಗೇಣು ಹಿಡಿದು ಅಳೆದು, "ಇಷ್ಟೇ ಗಾಯಕ್ಕೆ ಅಷ್ಟು ದುಡ್ಡೇ ಅಕ್ಕ?" ಎಂದರು. ಆ ವಾರ ಬಂದವರೆಲ್ಲರೂ ಕೇಳಿದ್ದು ಅದೊಂದನ್ನೇ: ಎಷ್ಟು ಇಂಚು ಕೊಯ್ದರು? ಸೇಬು, ಹಾರ್ಲಿಕ್ಸ್ ಬಾಟಲಿ ಮೇಜಿನ ಮೇಲಿಡುವರು, ಐದು ಇಂಚು ಎಂಬ ಉತ್ತರ ಕೇಳುವರು, ತಮ್ಮ ಪೈಕಿ ಯಾರಿಗೋ ಹಿಂದೆ ಒಂಬತ್ತು ಇಂಚು ಕೊಯ್ದಿದ್ದನ್ನು ನೆನೆದು ನೆಮ್ಮದಿಯಿಂದ ಎದ್ದು ಹೋಗುವರು.

ನಾನು ಹದಿನಾರು ವರ್ಷದಿಂದ ಮ್ಯಾಂಚೆಸ್ಟರಿನಲ್ಲಿದ್ದೇನೆ. ಪಕ್ಕದ ಮನೆಯ ಅಜ್ಜಿಗೆ ಅಮ್ಮನದೇ ವಯಸ್ಸು. ಹೋದ ವರ್ಷ ಅವರಿಗೂ ಮಂಡಿ ಬದಲಿಸಿದರು. ಎಷ್ಟು ಇಂಚು ಕೊಯ್ದರೋ ನನಗೆ ಇವತ್ತಿಗೂ ತಿಳಿಯದು. ಆದರೆ ಅವರ ಮನೆಯಲ್ಲಿ ಹದಿಮೂರು ಮೆಟ್ಟಿಲಿವೆ, ಕೈಹಿಡಿ ಎಡಗಡೆಗಿದೆ, ಕುರ್ಚಿ ಹದಿನೇಳು ಇಂಚು ಎತ್ತರವಿದೆ ಎಂಬುದು ಗೊತ್ತು. ಆಪರೇಷನ್ನಿಗೆ ಮೂರು ವಾರ ಮೊದಲೇ ಆಸ್ಪತ್ರೆಯಿಂದ ಬಂದ ಅರ್ಜಿ ತುಂಬಲು ಟೇಪು ಹಿಡಿದವನು ನಾನೇ. ಮಂಚದ ಎತ್ತರ, ಕಮೋಡಿನ ಎತ್ತರ, ಕಾಲಿಗೆ ತೊಡರುವ ಕಾರ್ಪೆಟ್, ಎಲ್ಲವೂ ಆಸ್ಪತ್ರೆಯವರಿಗೆ ಬೇಕು. ಆಮೇಲೆ ಒಂದು ಮಧ್ಯಾಹ್ನ ಪಾಠ: ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮುಂದೆ, ಇಳಿಯುವಾಗ ಆಪರೇಷನ್ ಆದ ಕಾಲು ಮುಂದೆ. ಶಸ್ತ್ರಚಿಕಿತ್ಸೆಯ ಸಂಜೆಯೇ ಎಬ್ಬಿಸಿ ನಿಲ್ಲಿಸಿದರು. ಮೂರನೆಯ ದಿನ ಮನೆಗೆ ಬಂದ ಅಜ್ಜಿ ನನಗೇ ಚಹಾ ಮಾಡಿಕೊಟ್ಟರು.

ಇಲ್ಲಿ ಬೆಂಗಳೂರಿನಲ್ಲಿ ಅಮ್ಮನನ್ನೂ ಮರುದಿನ ಬೆಳಿಗ್ಗೆಯೇ ವಾಕರ್ ಹಿಡಿಸಿ ನಡೆಸಿದರು, ಸುಳ್ಳು ಹೇಳಬಾರದು. ಡಾಕ್ಟರೂ ಏನನ್ನೂ ಮುಚ್ಚಿಡಲಿಲ್ಲ. ಚೀಟಿಯ ಹಿಂಬದಿಯಲ್ಲಿ ಮಂಡಿಯ ಚಿತ್ರ ಬರೆದು ತೋರಿಸಿದರು. ಹಳೆಯ ರೀತಿಯಲ್ಲಿ ಎಂಟು ಹತ್ತು ಇಂಚು ಸೀಳಿ, ತೊಡೆಯ ಮುಂದಿನ ಸ್ನಾಯುವಿನ ನಾರನ್ನೂ ಬಿಡಿಸುತ್ತಾರೆ. ಹೊಸ ರೀತಿಯಲ್ಲಿ ನಾಲ್ಕರಿಂದ ಆರು ಇಂಚು, ಸ್ನಾಯುವನ್ನು ಆದಷ್ಟು ಕೊಯ್ಯದೆ ಪಕ್ಕಕ್ಕೆ ಸರಿಸುತ್ತಾರೆ. ರಕ್ತ ಕಡಿಮೆ ಹೋಗುತ್ತದೆ, ಮೊದಲ ವಾರಗಳ ನೋವು ಕಡಿಮೆ, ಮಂಡಿ ಬೇಗ ಮಡಚುತ್ತದೆ. ಆದರೆ ಒಳಗೆ ಕೂರಿಸುವ ಲೋಹ, ಪ್ಲಾಸ್ಟಿಕ್ ಎರಡಕ್ಕೂ ಒಂದೇ. ಕಿಂಡಿ ಕಿರಿದಾದಷ್ಟೂ ಕಣ್ಣಿಗೆ ಕಾಣುವುದು ಕಡಿಮೆ, ಕೀಲು ಕೂರುವ ಕೋನ ತುಸು ತಪ್ಪಬಹುದು, ಎಳೆದು ಹಿಡಿದ ಚರ್ಮದ ಅಂಚು ಮಾಯದೆ ಸತಾಯಿಸಬಹುದು. ತೂಕ ಬಹಳ ಹೆಚ್ಚಿದ್ದರೆ, ಕಾಲು ತೀರಾ ಸೊಟ್ಟಗಾಗಿದ್ದರೆ ಇದು ಬೇಡವೆನ್ನುತ್ತಾರೆ. ಸೋಂಕು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಎರಡರಲ್ಲೂ ಉಂಟು. ಕೆಲವು ತಿಂಗಳು ಕಳೆದರೆ ಹೊಸ ರೀತಿಯವರ ನಡಿಗೆಗೂ ಹಳೆಯ ರೀತಿಯವರ ನಡಿಗೆಗೂ ಹೆಚ್ಚು ವ್ಯತ್ಯಾಸ ಇರದು. ಇಷ್ಟೆಲ್ಲ ಕೇಳಿ ಅಮ್ಮ ಕೇಳಿದ್ದು ಒಂದೇ: "ನೆಲದ ಮೇಲೆ ಕೂತು ರಂಗೋಲಿ ಹಾಕಬಹುದೇ?" ಬೇಡವೆಂದರು. ಫ್ಲೈಓವರ್ ಪಕ್ಕದ ಆಸ್ಪತ್ರೆ ಜಾಹೀರಾತಿನಲ್ಲಿ ಮಾತ್ರ ಸಣ್ಣ ಗಾಯವೊಂದೇ ದೊಡ್ಡದಾಗಿ ಕಾಣುತ್ತದೆ.

ನಾಲ್ಕನೆಯ ದಿನ ತ್ಯಾಗರಾಜನಗರದ ಮನೆಯ ಮುಂದೆ ಕಾರು ನಿಂತಿತು. ನಮ್ಮದು ಮಹಡಿ ಮನೆ. ಎಲ್ಲರೂ ಆಗಲೇ ಮೊದಲ ಸಲ ನೋಡುವವರಂತೆ ಮೆಟ್ಟಿಲು ನೋಡಿದೆವು. ಕೊನೆಗೆ ಪ್ಲಾಸ್ಟಿಕ್ ಕುರ್ಚಿ ತರಿಸಿ, ಡ್ರೈವರ್ ಒಂದು ಕಡೆ, ಕೆಳಮನೆಯ ಹುಡುಗ ಒಂದು ಕಡೆ ಹೊತ್ತು, ಉತ್ಸವಮೂರ್ತಿಯಂತೆ ಅಮ್ಮನನ್ನು ಏರಿಸಿದರು. ಕುರ್ಚಿಯ ಕಾಲು ಗೋಡೆಗೆ ಉಜ್ಜಿ ಸುಣ್ಣವೆಲ್ಲ ಅವಳ ಸೀರೆಗೆ. ಐದು ಇಂಚಿನ ಗಾಯದ ಲಾಭವೆಲ್ಲ ಅಲ್ಲಿಯೇ ಹೋಯಿತೇನೋ ಎಂದು ನನಗೆ ಸಿಟ್ಟು.

ಅಲ್ಲಿಂದ ಶುರುವಾಯಿತು "ಏಳಬೇಡ ಅಕ್ಕ". ನೀರು ಬೇಕೇ, ನಾನು ತರುತ್ತೇನೆ. ಪಾದವನ್ನು ಮೇಲೆ ಕೆಳಗೆ ಆಡಿಸಬೇಕು, ದಿನಕ್ಕೆ ಹಲವು ಸಲ ಮಂಡಿ ಮಡಚಬೇಕು ಎಂದು ಆಸ್ಪತ್ರೆಯವರು ಕೊಟ್ಟ ಹಾಳೆ ಹಣ್ಣಿನ ಬುಟ್ಟಿಯ ಅಡಿಗೆ ಸೇರಿತ್ತು. ನಾನು ಅದನ್ನು ತೆಗೆದು ಗೋಡೆಗೆ ಅಂಟಿಸಿದರೆ, "ಅಮ್ಮನನ್ನು ಮಲಗಲೂ ಬಿಡದ ಮಗ" ಎಂಬ ಬಿರುದು ಬಂತು.

ಸರಿ, ಇನ್ನೊಂದು ಕಡೆಯನ್ನೂ ಹೇಳಲೇಬೇಕಲ್ಲ. ಮ್ಯಾಂಚೆಸ್ಟರಿನ ಅಜ್ಜಿ ತಮ್ಮ ಸರದಿಗಾಗಿ ಹದಿನಾಲ್ಕು ತಿಂಗಳು ಬೇಲಿ ಹಿಡಿದು ಕುಂಟಿದರು. ಅದೂ, ಬ್ರಿಟಿಷ್ ಸರ್ಜನ್ ಜಾನ್ ಚಾರ್ನ್ಲಿ 1962ರಲ್ಲಿ ಇಂದಿನ ಸೊಂಟದ ಕೀಲು ಬದಲಾವಣೆಗೆ ಬುನಾದಿ ಹಾಕಿದ ರೈಟಿಂಗ್ಟನ್ ಆಸ್ಪತ್ರೆ ಅವರ ಮನೆಯಿಂದ ಬಹಳ ದೂರವೇನಲ್ಲ. ಅಮ್ಮ ಮಂಗಳವಾರ ಹೂಂ ಎಂದಳು, ಮುಂದಿನ ಸೋಮವಾರ ಆಪರೇಷನ್ ಆಯಿತು. 2017ರಲ್ಲಿ ಕೇಂದ್ರ ಸರಕಾರ ಮಂಡಿ ಕೀಲಿನ ಬೆಲೆಗೆ ಮಿತಿ ಹಾಕಿದ್ದೂ ನಮಗೆ ಅನುಕೂಲವೇ ಆಯಿತು, ಬಿಲ್ಲಿನ ಮಿಕ್ಕ ಸಾಲುಗಳ ಮಾತು ಬೇರೆ. ನನಗೆ ಚಹಾ ಕೊಟ್ಟ ಆ ದಿನ ಅಜ್ಜಿಯ ಮನೆಗೆ ಹೋದವನೂ ನಾನೊಬ್ಬನೇ ಇರಬೇಕು.

ಒಂಬತ್ತನೆಯ ದಿನ ಫಿಸಿಯೋಥೆರಪಿಯ ಹುಡುಗಿ ಸ್ಕೂಟರಿನಲ್ಲಿ ಬಂದಳು. ಹೆಲ್ಮೆಟ್ ಕೆಳಗಿಟ್ಟು, ಗೋಡೆಯ ಹಾಳೆ ನೋಡಿ, ನನ್ನ ಕಡೆ ತಿರುಗಿ, "ಕೆಳಗೆ ಎಷ್ಟು ಮೆಟ್ಟಿಲು ಸರ್?" ಎಂದು ಕೇಳಿದಳು. ಇಪ್ಪತ್ತೆಂಟು ವರ್ಷ ಹತ್ತಿ ಇಳಿದ ಮೆಟ್ಟಿಲು. ನಾನು ಬಾಗಿಲ ಕಡೆ ನೋಡಿದೆ.

"ಹದಿನಾಲ್ಕು," ಎಂದಳು ಅಮ್ಮ ಮಂಚದಿಂದ. "ಎಂಟನೆಯದು ಸ್ವಲ್ಪ ಎತ್ತರ."